ಪಕ್ಕದ ಕ್ಷೇತ್ರದ ಎಂಪಿ ರಾಹುಲ್ ಗಾಂಧಿ

ಕೊಡಗಿನ ಗಡಿಯ ಕುಟ್ಟ ದಾಟಿದರೆ ತೋಲ್ಪೆಟ್ಟಿ. ಅಲ್ಲಿಂದಾಚೆ ಕೇರಳದ ವಯನಾಡು. 2019ರಿಂದ 2024ರವರೆಗೆ ರಾಹುಲ್ ಗಾಂಧಿ ಅಲ್ಲಿನ ಎಂಪಿ ಆಗಿದ್ದರು. ಹಾಗಾಗಿ ದಕ್ಷಿಣ ಕೊಡಗಿನವರಿಗೆ ಅವರು ಬರೀ ಟಿವಿಯಲ್ಲಿ ಕಾಣುವ ದೆಹಲಿಯ ಮನುಷ್ಯ ಅಲ್ಲ, ಬೇಲಿಯಾಚೆಯ ಎಂಪಿ. ಆದರೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅವರ ಬಗ್ಗೆ ಓಡಾಡುವುದು ಎರಡೇ ಸರಕು. ಒಂದು ಪಪ್ಪು ಜೋಕು. ಇನ್ನೊಂದು ಬಿಳಿ ಟೀ ಶರ್ಟಿನ ವಿಡಿಯೋ, ಹಿಂದೆ ಒಂದು ಹಾಡು.

ನನಗೆ ಅನ್ನಿಸುವುದು ಇಷ್ಟು. ಈ ಎರಡೂ ಅವರಿಗೆ ಲಾಭವೇ. ಹತ್ತು ವರ್ಷ ಒಬ್ಬನನ್ನು ದಡ್ಡ ಅಂತ ಸಾರುತ್ತಾ ಬಂದರೆ, ಆಮೇಲೆ ಆತ ನೆಟ್ಟಗೆ ನಾಲ್ಕು ಮಾತಾಡಿದರೂ ಜನ ಬೆರಗಾಗುತ್ತಾರೆ. ಬೇರೆ ಯಾವ ನಾಯಕನಿಗೂ ಇಷ್ಟು ಸುಲಭದ ಪರೀಕ್ಷೆ ಇಲ್ಲ. ಇತ್ತ ಅಭಿಮಾನಿಗಳು ಪರೀಕ್ಷೆಯೇ ಬೇಡ ಅನ್ನುತ್ತಾರೆ. ಆ ಮನುಷ್ಯ ಏನು ಕೆಲಸ ಮಾಡಿದರು ಅಂತ ಕೇಳುವವರು ಎರಡೂ ಕಡೆ ಇಲ್ಲ.

2004ರಲ್ಲಿ ಅಮೇಥಿಯಿಂದ ಗೆದ್ದರು. ಮುಂದಿನ ಹತ್ತು ವರ್ಷ ಅವರದೇ ಪಕ್ಷದ ಸರ್ಕಾರ. ಒಂದು ಖಾತೆಯನ್ನೂ ತೆಗೆದುಕೊಳ್ಳಲಿಲ್ಲ. 2013ರ ಜನವರಿಯಲ್ಲಿ ಜೈಪುರದಲ್ಲಿ ಪಕ್ಷದ ಉಪಾಧ್ಯಕ್ಷರಾದಾಗ, ಅಧಿಕಾರ ಅಂದರೆ ವಿಷ ಎಂಬ ಅಮ್ಮನ ಮಾತನ್ನು ನೆನೆದರು. ಚಪ್ಪಾಳೆ ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಮೆರಿಕದಲ್ಲಿದ್ದಾಗ, ಇವರು ಪತ್ರಕರ್ತರ ಎದುರು ಬಂದು ಸರ್ಕಾರದ ಸುಗ್ರೀವಾಜ್ಞೆಯನ್ನು ಹರಿದು ಬಿಸಾಡಬೇಕು ಅಂದರು. ಶಿಕ್ಷೆಯಾದ ಜನಪ್ರತಿನಿಧಿಗಳ ಸ್ಥಾನ ಉಳಿಸಲು ತಂದಿದ್ದ ಸುಗ್ರೀವಾಜ್ಞೆ ಅದು. ಹೇಳಿದ್ದು ಸರಿಯೇ ಇತ್ತು. ಆದರೆ ಒಳಗೆ ಕೂತು ಹೇಳಬೇಕಾದ್ದನ್ನು ಹೊರಗೆ ಬಂದು ಹೇಳಿದರು. ಅವರ ರಾಜಕೀಯದ ಒಳ್ಳೆಯದೂ ಕೆಟ್ಟದ್ದೂ ಆ ಒಂದು ದಿನದಲ್ಲೇ ಕಾಣುತ್ತದೆ. ಹತ್ತು ವರ್ಷದ ನಂತರ, ಮೋದಿ ಎಂಬ ಉಪನಾಮದ ಬಗ್ಗೆ ಕೋಲಾರದಲ್ಲಿ 2019ರಲ್ಲಿ ಆಡಿದ ಮಾತಿಗೆ ಸೂರತ್ ಕೋರ್ಟ್ ಎರಡು ವರ್ಷ ಶಿಕ್ಷೆ ಕೊಟ್ಟಿತು. ಮಾರನೇ ದಿನ ಅವರದೇ ಸ್ಥಾನ ಹೋಯಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ 2023ರ ಆಗಸ್ಟ್‌ನಲ್ಲಿ ವಾಪಸ್ ಸಿಕ್ಕಿತು.

ಭಾರತ್ ಜೋಡೋ ಯಾತ್ರೆಯನ್ನು ನಾನು ಕಡೆಗಣಿಸುವವನಲ್ಲ. ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ ಸುಮಾರು 4,000 ಕಿಲೋಮೀಟರ್ ನಡೆಯುವುದು ಹುಡುಗಾಟವಲ್ಲ. ಮೈಸೂರಿನಲ್ಲಿ 2022ರ ಗಾಂಧಿ ಜಯಂತಿಯ ಸಂಜೆ ಸುರಿವ ಮಳೆಯಲ್ಲಿ ನೆನೆದುಕೊಂಡೇ ಭಾಷಣ ಮಾಡಿದರಲ್ಲ, ಆವತ್ತಿನಿಂದ ಪಪ್ಪು ಜೋಕು ಹಳಸಿತು. ಆದರೆ ಆ ಯಾತ್ರೆಯೇ ಕೊಡಗನ್ನು ಗೆದ್ದುಕೊಟ್ಟಿತು ಅಂತ ಕೆಲವರು ಹೇಳುವಾಗ ನಗು ಬರುತ್ತದೆ. ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಪಾಂಡವಪುರ ಅಂತ ಹೋದ ಯಾತ್ರೆ ನಮ್ಮ ಜಿಲ್ಲೆಗೆ ಕಾಲಿಟ್ಟಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಮಡಿಕೇರಿಯಲ್ಲಿ ಮಂತರ್ ಗೌಡ, ವಿರಾಜಪೇಟೆಯಲ್ಲಿ ಪೊನ್ನಣ್ಣ ಗೆದ್ದಿದ್ದಕ್ಕೆ ಇಲ್ಲಿನದೇ ಕಾರಣ ಇತ್ತು. ಬಿಜೆಪಿಯ ಹಳೆಯ ಶಾಸಕರಾದ ಬೋಪಯ್ಯ, ರಂಜನ್ ಅವರನ್ನು ನೋಡಿ ನೋಡಿ ಜನಕ್ಕೆ ಸಾಕಾಗಿತ್ತು. ಮರುವರ್ಷ ಲೋಕಸಭೆಗೆ ಮೈಸೂರು-ಕೊಡಗಿನಿಂದ ಬಿಜೆಪಿಯ ಯದುವೀರ್ ಹೋದರು. ಅಷ್ಟೇ.

ಯಾತ್ರೆಯ ನಡುವೆಯೇ ಇನ್ನೊಂದು ನಡೆಯಿತು. 2022ರ ಡಿಸೆಂಬರ್‌ನಲ್ಲಿ, ಅರುಣಾಚಲದಲ್ಲಿ ಚೀನಾದವರು ನಮ್ಮ ಯೋಧರನ್ನು ಹೊಡೆಯುತ್ತಿದ್ದಾರೆ ಎಂಬರ್ಥದ ಮಾತಾಡಿದರು. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ಮನೆಯ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇರುವ ಊರಿನಲ್ಲಿ ಆ ಮಾತು ಹೇಗೆ ಕೇಳಿಸುತ್ತದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಸರ್ಕಾರವನ್ನು ಬೈಯಿರಿ, ಯಾರು ಬೇಡ ಅಂದರು? ಅದೇ ಮನುಷ್ಯ ಅಗ್ನಿಪಥದ ಬಗ್ಗೆ ಕೇಳಿದ್ದು ಮಾತ್ರ ಸರಿ. ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ ಎಪ್ಪತ್ತೈದು ಹುಡುಗರನ್ನು ಮನೆಗೆ ಕಳಿಸುವ ಯೋಜನೆ ನಮ್ಮ ಕಡೆಯ ಮಾಜಿ ಸೈನಿಕರಿಗೂ ಹಿಡಿಸಿಲ್ಲ. ಪಾರ್ಟಿ ಬಿಟ್ಟು ಮಾತಾಡಿದಾಗ ಹೇಳುತ್ತಾರೆ, ಮೈಕಿನ ಮುಂದೆ ಹೇಳುವುದಿಲ್ಲ.

ಈಗ ನಮ್ಮ ಗಡಿಯ ವಿಷಯ. ನನಗೆ ನಿಜವಾಗಿ ಸಿಟ್ಟಿರುವುದು ಇಲ್ಲೇ.

ವಯನಾಡಿಗೆ ಹೋಗುವ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆ ಬಂದದ್ದು 2009ರಲ್ಲಿ. ಅದಕ್ಕೆ ಬದಲಿ ದಾರಿ ಯಾವುದು ಗೊತ್ತಲ್ಲ? ಹುಣಸೂರು, ಗೋಣಿಕೊಪ್ಪ, ಕುಟ್ಟ. ಅಲ್ಲಿ ನಿಂತ ಲಾರಿ ಇಲ್ಲಿ ಓಡುತ್ತದೆ. ನಮ್ಮ ತೋಟದ ಪಕ್ಕದಲ್ಲೂ ಆನೆ ದಾಟುತ್ತದೆ, ತಿತಿಮತಿಯೂ ಕಾಡೇ. 2019ರ ಅಕ್ಟೋಬರ್‌ನಲ್ಲಿ ರಾಹುಲ್ ಗಾಂಧಿ ವಯನಾಡಿನ ಸುಲ್ತಾನ್ ಬತ್ತೇರಿಗೆ ಬಂದು, ರಾತ್ರಿ ಸಂಚಾರ ಬೇಕು ಅಂತ ಉಪವಾಸ ಕೂತ ಯುವಕರ ಜೊತೆ ಕೂತರು. ಅಲ್ಲಿನ ಎಂಪಿ, ಅಲ್ಲಿನ ಜನರ ಪರ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ರಾಷ್ಟ್ರೀಯ ನಾಯಕ ಅಲ್ವಾ? ಬಂಡೀಪುರದ ಕಾಡು, ಈ ಕಡೆಯ ರಸ್ತೆ, ಎರಡನ್ನೂ ಸೇರಿಸಿ ಒಂದು ಮಾತು ಅವರ ಬಾಯಿಂದ ನಾನು ಕೇಳಿಲ್ಲ.

2024ರ ಫೆಬ್ರವರಿಯಲ್ಲಿ ವಯನಾಡಿನ ಮಾನಂದವಾಡಿ ಹತ್ತಿರ ಒಂದು ಮಖ್ನಾ, ಅಂದರೆ ದಂತವಿಲ್ಲದ ಗಂಡಾನೆ, ಒಬ್ಬರನ್ನು ಅವರ ಮನೆಯ ಹತ್ತಿರವೇ ಕೊಂದಿತು. ಬೇಲೂರು ಕಡೆ ಹಿಡಿದು, ರೇಡಿಯೋ ಕಾಲರ್ ಹಾಕಿ, ಕರ್ನಾಟಕದವರು ಬಂಡೀಪುರದ ಕಾಡಿಗೆ ಬಿಟ್ಟ ಆನೆ. ರಾಹುಲ್ ತಮ್ಮ ಎರಡನೇ ಯಾತ್ರೆ ನಿಲ್ಲಿಸಿ ಆ ಮನೆಗೆ ಬಂದರು. ಕರ್ನಾಟಕ ಸರ್ಕಾರ 15 ಲಕ್ಷ ಪರಿಹಾರ ಘೋಷಿಸಿತು. ರಾಹುಲ್ ಅವರನ್ನು ಮೆಚ್ಚಿಸಲು ನಮ್ಮ ದುಡ್ಡು ಕೊಟ್ಟರು ಅಂತ ಬಿಜೆಪಿಯವರು ಗದ್ದಲ ಎಬ್ಬಿಸಿದರು. ಕೊನೆಗೆ ಆ ಕುಟುಂಬವೇ ದುಡ್ಡು ಬೇಡ ಅಂದಿತು. ಗದ್ದಲ ಮಾಡಿದವರಿಗೆ ನಾಚಿಕೆಯಾಗಬೇಕಿತ್ತು. ನಾವು ಬಿಟ್ಟ ಆನೆಗೆ ನಾವು ಹೊಣೆ ಅಲ್ಲದೆ ಇನ್ಯಾರು?

ಆದರೆ ಆವತ್ತು ಕೊಡಗಿನ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರ ಮನಸ್ಸಿಗೆ ಏನು ಬಂದಿರಬಹುದು ಅಂತ ಯೋಚಿಸಿ. ಕಾಫಿ ಕುಯ್ಯಲು ಹೋದವರು ತೋಟದಲ್ಲೇ ಆನೆಗೆ ಸಿಕ್ಕಿ ಸಾಯುವುದು ಇಲ್ಲಿ ಪ್ರತಿ ವರ್ಷದ ಸುದ್ದಿ. ಸತ್ತವರಲ್ಲಿ ತೋಟದ ಕೂಲಿಗಳ ಲೈನ್‌ಮನೆಯ ಎರವ, ಕುರುಬ ಆದಿವಾಸಿಗಳೂ ಇದ್ದಾರೆ. ಯಾರ ಯಾತ್ರೆಯೂ ಅವರಿಗಾಗಿ ನಿಂತದ್ದಿಲ್ಲ. ಮುಂದಿನ ತಿಂಗಳೇ ಬಂಡೀಪುರದಲ್ಲಿ ಕರ್ನಾಟಕ, ಕೇರಳದ ಅರಣ್ಯ ಸಚಿವರು, ತಮಿಳುನಾಡಿನ ಅರಣ್ಯ ಅಧಿಕಾರಿಗಳು ಸೇರಿ ಮಾತಾಡಿದರು, ಒಪ್ಪಂದವೂ ಆಯಿತು. ಅದರ ಬೆನ್ನು ಹತ್ತಿ ಕೆಲಸ ಮಾಡಿಸಲು ರಾಹುಲ್ ಅವರಿಗಿಂತ ಒಳ್ಳೆಯ ಜಾಗದಲ್ಲಿ ಯಾರಿದ್ದರು? ಈ ಕಡೆ ಅವರದೇ ಸರ್ಕಾರ, ಆ ಕಡೆ ಅವರದೇ ಕ್ಷೇತ್ರ. ಸಾವಿಗೆ ತಪ್ಪದೆ ಬರುವ, ಆಮೇಲಿನ ಲೆಕ್ಕಪತ್ರಕ್ಕೆ ಕೂರದ ನೆಂಟರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಇವರು ಆ ಪೈಕಿ.

ಅದೇ ವರ್ಷ ಏಪ್ರಿಲ್ 26ರಂದು ವಯನಾಡಿನವರೂ ನಾವೂ ಒಂದೇ ದಿನ ವೋಟು ಹಾಕಿದೆವು. ರಾಯ್‌ಬರೇಲಿಯಲ್ಲೂ ನಿಲ್ಲುತ್ತಾರೆ ಅಂತ ಪಕ್ಷ ಹೇಳಿದ್ದು ಮೇ 3ಕ್ಕೆ. ವಯನಾಡಿನವರ ಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ. ಎರಡೂ ಕಡೆ ಗೆದ್ದು ರಾಯ್‌ಬರೇಲಿ ಇಟ್ಟುಕೊಂಡರು, ವಯನಾಡನ್ನು ತಂಗಿಗೆ ಬಿಟ್ಟರು. 2019ರಲ್ಲಿ ಅಮೇಥಿಯಲ್ಲಿ ಸೋತವರನ್ನು 4.31 ಲಕ್ಷದ ಅಂತರದಿಂದ ಗೆಲ್ಲಿಸಿದ ಜನ ಅವರು. ಒಂದು ವಾರ ಮೊದಲು ಹೇಳಿದ್ದರೆ ಏನಾಗುತ್ತಿತ್ತು? ಪ್ರಿಯಾಂಕಾ ಅವರನ್ನೂ ಅವರು ಗೆಲ್ಲಿಸಿದರು, ಅದು ಅವರ ದೊಡ್ಡತನ.

ಲೋಕಸಭೆಯಲ್ಲಿ ಕಾಂಗ್ರೆಸ್ 44 ಸ್ಥಾನದಿಂದ 52, ಅಲ್ಲಿಂದ 99ಕ್ಕೆ ಬಂದು, ಹತ್ತು ವರ್ಷ ಖಾಲಿ ಇದ್ದ ವಿರೋಧ ಪಕ್ಷದ ನಾಯಕನ ಕುರ್ಚಿಗೆ 2024ರಲ್ಲಿ ರಾಹುಲ್ ಬಂದು ಕೂತರು. ಇದು ಒಳ್ಳೆಯದು. ಬಿಜೆಪಿಗೆ ವೋಟು ಹಾಕುವವರಿಗೂ ಒಳ್ಳೆಯದು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಹದೇವಪುರದ ಮತದಾರರ ಪಟ್ಟಿ ಹಿಡಿದು ಮತಗಳ್ಳತನದ ಆರೋಪ ಮಾಡಿದರು. ಕಾಗದ ತೋರಿಸಿ ಮಾತಾಡಿದ್ದು ನನಗೆ ಹಿಡಿಸಿತು. ಪ್ರಮಾಣ ಮಾಡಿ ದೂರು ಕೊಡಿ ಅಂತ ಚುನಾವಣಾ ಆಯೋಗ ಹೇಳಿದ್ದು ಹಿಡಿಸಲಿಲ್ಲ. ಪಟ್ಟಿ ನಿಮ್ಮದು, ನೀವೇ ನೋಡಿ ಹೇಳಬಹುದಿತ್ತಲ್ಲ.

ಆದರೆ ಆಮೇಲೆ ಏನಾಯಿತು? ಆ ಪಟ್ಟಿ ತಯಾರಾದಾಗ ನಮ್ಮದೇ ಸರ್ಕಾರ ಇತ್ತಲ್ಲ, ನಾವೇಕೆ ಸುಮ್ನೆ ಇದ್ದೆವು ಅಂತ ಕೇಳಿದ್ದು ಅವರದೇ ಪಕ್ಷದ ಸಚಿವ ಕೆ.ಎನ್. ರಾಜಣ್ಣ. ನನಗೂ ಇದ್ದ ಪ್ರಶ್ನೆ ಅದು. ಉತ್ತರ ಕೊಡುವ ಬದಲು ಅವರನ್ನು ಸಂಪುಟದಿಂದ ತೆಗೆದರು. 2013ರಲ್ಲಿ ತಮ್ಮದೇ ಸರ್ಕಾರವನ್ನು ಪತ್ರಕರ್ತರ ಎದುರು ಬೈದು ಸೈ ಅನ್ನಿಸಿಕೊಂಡ ನಾಯಕನ ಪಕ್ಷದಲ್ಲಿ.