ಅದನ್ನು ಜುಗಾಡ್ ಅನ್ನಬೇಡಿ

ಮೊನ್ನೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಸಂದೇಶ ಹಾಕಿದ್ದರು. ಬ್ರಿಟಿಷರು ಹಾಳುಗೆಡವಿ ಬಿಟ್ಟುಹೋದ ಬಾಂಬರ್ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ರಿಪೇರಿ ಮಾಡಿ ಹಾರಿಸಿದ ಕಥೆ. ಕೊನೆಯಲ್ಲಿ ‘ನಮ್ಮವರ ಜುಗಾಡ್‌ಗೆ ಸರಿಸಾಟಿ ಇಲ್ಲ’ ಅಂತ ಒಂದು ಸಾಲು, ಅದರ ಕೆಳಗೆ ಸಾಲು ಸಾಲು ಚಪ್ಪಾಳೆ. ಜುಗಾಡ್ ಅಂದರೆ ಸಿಕ್ಕಿದ್ದರಲ್ಲಿ ಹೇಗೋ ಹೊಂದಿಸಿ ಕೆಲಸ ಸಾಗಿಸುವುದು. ಹಾಕಿದವರ ಮನಸ್ಸು ಒಳ್ಳೆಯದೇ. ಆದರೂ ಆ ಒಂದು ಪದ ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ. ಆ ವಿಮಾನಗಳ ಮೇಲೆ ದುಡಿದ ಕೈಗಳಲ್ಲಿ ನನ್ನ ತಾತನ ಕೈಯೂ ಇತ್ತು. ಅವರು ಮಾಡಿದ್ದು ಜುಗಾಡ್ ಅಲ್ಲ.

ತಾತ ಕಾರ್ಖಾನೆಗೆ ಸೇರಿದ್ದು 1942ರಲ್ಲಿ, ಹದಿನೆಂಟನೇ ವಯಸ್ಸಿಗೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಎಚ್‌ಎಎಲ್, ಶುರು ಮಾಡಿದ್ದು 1940ರ ಡಿಸೆಂಬರ್ 23ರಂದು. ಅಂದರೆ ತಾತ ಹೋದಾಗ ಕಾರ್ಖಾನೆಗೆ ಎರಡು ವರ್ಷವೂ ತುಂಬಿರಲಿಲ್ಲ. ಸುತ್ತ ರಾಗಿ ಹೊಲ, ಹುಣಸೆ ಮರ. ಕೋನೇನ ಅಗ್ರಹಾರದಿಂದ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಮರುವರ್ಷ ಅಮೆರಿಕದ ಸೈನ್ಯ ಬಂದು ಇಡೀ ಕಾರ್ಖಾನೆಯನ್ನು ವಿಮಾನಗಳ ದುರಸ್ತಿ ಡಿಪೋ ಮಾಡಿಕೊಂಡಿತು. ಬರ್ಮಾ, ಚೀನಾ ಕಡೆಯ ಯುದ್ಧದಿಂದ ಜಖಂಗೊಂಡು ಬಂದ ಡಕೋಟಾ ಸಾಗಣೆ ವಿಮಾನಗಳು, ಮಿಚೆಲ್ ಬಾಂಬರ್‌ಗಳು, ಕ್ಯಾಟಲೀನಾಗಳು. ಕ್ಯಾಟಲೀನಾ ನೀರಿನ ಮೇಲೆ ಇಳಿಯುವ ವಿಮಾನ. ಅದು ಇಳಿಯುತ್ತಿದ್ದದ್ದು ನಮ್ಮ ಬೆಳ್ಳಂದೂರು ಕೆರೆಯಲ್ಲಿ. ‘ಕೆರೆ ಏರಿ ಮೇಲೆ ದನ ಮೇಯಿಸೋ ಹುಡುಗರೆಲ್ಲ ಓಡಿ ಬಂದು ನೋಡೋರು. ದೋಣಿ ಆಕಾಶದಿಂದ ಬಂದಂಗೆ ಬರೋದು’ ಅಂತ ತಾತ ಹೇಳುತ್ತಿದ್ದರು. ಈಗ ಆ ಕೆರೆಯ ನೊರೆ ಟಿವಿಯಲ್ಲಿ ಬಂದಾಗಲೆಲ್ಲ ನನಗೆ ಆ ಮಾತೇ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಾತ ಕೆಲಸ ಕಲಿತದ್ದು ಆ ಡಿಪೋದಲ್ಲಿ. ತಗಡಿನ ಕೆಲಸ, ರಿವೆಟ್ ಕೆಲಸ. ವಿಮಾನದ ಮೈತುಂಬ ರಿವೆಟ್. ಹೊರಗಿನಿಂದ ಒಬ್ಬ ಗಾಳಿಯ ಸುತ್ತಿಗೆ ಹಿಡಿದು ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ತಾತ ತೆಳ್ಳಗಿದ್ದರು, ಹಾಗಾಗಿ ರೆಕ್ಕೆಯೊಳಗೆ ನುಗ್ಗುವ ಕೆಲಸ ಅವರದು. ಬೇಸಿಗೆಯಲ್ಲಿ ಆ ತಗಡಿನ ಹೊಟ್ಟೆಯೊಳಗೆ ಅಂಗಾತ ಮಲಗಿ, ತಲೆಯ ಪಕ್ಕದಲ್ಲೇ ಆ ಸದ್ದು. ಅರವತ್ತಕ್ಕೆಲ್ಲ ಅವರ ಎಡಗಿವಿ ಪೂರ್ತಿ ಹೋಗಿತ್ತು. ಕೆಲವು ಜಾತಿಯ ರಿವೆಟ್‌ಗಳನ್ನು ಕಾಯಿಸಿ ಆಮೇಲೆ ಹಿಮದಂಥ ತಣ್ಣನೆ ಪೆಟ್ಟಿಗೆಯಲ್ಲಿ ಇಡಬೇಕಂತೆ. ಹೊರಗೆ ತೆಗೆದ ಮೇಲೆ ಸ್ವಲ್ಪ ಹೊತ್ತಿನೊಳಗೆ ಹೊಡೆದು ಮುಗಿಸದಿದ್ದರೆ ಗಟ್ಟಿಯಾಗಿ ಕೆಡುತ್ತವೆ. ತಗಡು ಬಿರುಕು ಬಿಟ್ಟರೆ ಸೀದಾ ತೇಪೆ ಹಾಕುವಂತಿಲ್ಲ. ಬಿರುಕಿನ ತುದಿ ಎಲ್ಲಿದೆ ಅಂತ ಹುಡುಕಿ, ಸರಿಯಾಗಿ ಆ ತುದಿಗೆ ಒಂದು ಸಣ್ಣ ತೂತು ಕೊರೆಯಬೇಕು. ಆಗ ಬಿರುಕು ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ತೇಪೆ. ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದು ಹೇಗೋ ಏನೋ ಮಾಡಿ ದಾಟಿಸುವವರ ಕೆಲಸವಲ್ಲ. ಐದಾರು ವರ್ಷ ಕೈ ಪಳಗಿಸಿಕೊಂಡವರ ಕೆಲಸ.

ಈಗ ಆ ಸಂದೇಶದಲ್ಲಿದ್ದ ಬಾಂಬರ್‌ಗಳ ಕಥೆ, ಕಾನ್ಪುರದ್ದು. ಯುದ್ಧ ಕಾಲದಲ್ಲಿ ಅಮೆರಿಕ ತನ್ನ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟನ್ನಿಗೆ ಕಡವಾಗಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ವಾಪಸ್ ಕೊಡಬೇಕು, ಇಲ್ಲವೇ ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಬೇಕು ಅನ್ನುವುದು ಕರಾರು. ಹಾಗಾಗಿ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ನಿಂತಿದ್ದ ಲಿಬರೇಟರ್‌ಗಳನ್ನು ಬ್ರಿಟಿಷರೇ ಕೆಡಿಸಿ ಹೋದರು. ಮೈಗೆ ಪಿಕಾಸಿ ಏಟು, ಇಂಜಿನ್‌ಗಳಿಗೆ ಮರಳು. ಸ್ವಾತಂತ್ರ್ಯ ಬಂತು, ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು, ನಮ್ಮ ವಾಯುಪಡೆಯ ಹತ್ತಿರ ದೊಡ್ಡ ಬಾಂಬರ್ ಒಂದೂ ಇಲ್ಲ. 1948ರಲ್ಲಿ ಎಚ್‌ಎಎಲ್‌ನ ಒಂದು ತಂಡ ಕಾನ್ಪುರಕ್ಕೆ ಹೋಯಿತು. ಆ ಗುಜರಿಯಲ್ಲಿ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರುವಷ್ಟು ಮಾತ್ರ ಸರಿಮಾಡಿ, ಒಂದೊಂದನ್ನೇ ಕಳಿಸಿದರು. ಹಾರಿಸಿಕೊಂಡು ಬಂದದ್ದು ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಶಿ. ಹೀಗೆ ಸುಮಾರು 40 ವಿಮಾನಗಳು. ಪ್ರತಿಯೊಂದಕ್ಕೂ ನಾಲ್ಕು ಇಂಜಿನ್, ಪ್ರತಿ ಇಂಜಿನ್‌ಗೂ 14 ಸಿಲಿಂಡರ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ಮುನ್ಶಿಯವರ ಧೈರ್ಯಕ್ಕೆ ಕೈಮುಗಿಯಲೇಬೇಕು.

ತಾತ ಕಾನ್ಪುರಕ್ಕೆ ಹೋಗಿರಲಿಲ್ಲ. ಇಲ್ಲಿ ಹ್ಯಾಂಗರಿನಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬರು. ‘ವಿಮಾನ ಬರೋ ಸದ್ದು ಕೇಳಿದ್ರೆ ಎಲ್ಲಾ ಕೈಲಿದ್ದ ಕೆಲಸ ಬಿಟ್ಟು ಹೊರಗೆ ಬರ್ತಿದ್ವಿ. ನಾಲ್ಕೂ ಇಂಜಿನ್ ತಿರುಗ್ತಾ ಅವೆಯಾ ಅಂತ ಎಣಿಸೋದು. ಇಳಿದ ಮೇಲೆ ಉಸಿರು ಬಿಡೋದು. ಆಮೇಲೆ ಬಿಚ್ಚೋಕೆ ಶುರು’ ಅನ್ನುತ್ತಿದ್ದರು. ಬಿಚ್ಚಿದರೆ ಒಳಗಿಂದ ಮರಳು ಸುರಿಯುತ್ತಿತ್ತಂತೆ, ಎಲ್ಲೆಲ್ಲೋ ಸಂದಿಗಳಿಂದ, ತಿಂಗಳಾದ ಮೇಲೂ. ಆ ವರ್ಷ ನವೆಂಬರ್ ಹೊತ್ತಿಗೆ ಮೊದಲ ಲಿಬರೇಟರ್‌ಗಳು ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದವು. ಆಮೇಲೆ ಪುಣೆಯ 6ನೇ ಸ್ಕ್ವಾಡ್ರನ್ ಇವನ್ನೇ ಸಮುದ್ರದ ಮೇಲಿನ ಗಸ್ತಿಗೆ ಇಟ್ಟುಕೊಂಡಿತು. ಸೇವೆ ಮುಗಿದದ್ದು 1968ರ ಕೊನೆಯಲ್ಲಿ. ಇಪ್ಪತ್ತು ವರ್ಷ! ಪಿಕಾಸಿಯಿಂದ ಹೊಡೆಸಿಕೊಂಡ ವಿಮಾನಗಳು ಇಪ್ಪತ್ತು ವರ್ಷ ಹಾರಾಡಿದವು. ಜುಗಾಡ್ ಮಾಡಿದ್ದು ಇಪ್ಪತ್ತು ದಿನ ಬರುವುದಿಲ್ಲ, ನಮಗೆಲ್ಲ ಗೊತ್ತು.

ಅಮೆರಿಕ ಸುಮಾರು 18,000 ಲಿಬರೇಟರ್ ಕಟ್ಟಿತ್ತು. ಯುದ್ಧ ಮುಗಿದದ್ದೇ ತಡ, ಬಹುತೇಕ ಎಲ್ಲವನ್ನೂ ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿಬಿಟ್ಟಿತು. ಆಮೇಲೆ ಅಪ್ಪಂದಿರು, ಅಣ್ಣಂದಿರು ಹಾರಿಸಿದ ವಿಮಾನ ನೋಡಬೇಕು ಅಂತ ಅವರ ಮಕ್ಕಳಿಗೆ ಅನಿಸಿದಾಗ ಎಲ್ಲಿದೆ? ಭಾರತದಲ್ಲಿತ್ತು. ಜಗತ್ತಿನಲ್ಲಿ ಕೊನೆಯವರೆಗೆ ಲಿಬರೇಟರ್ ಹಾರಿಸಿದ್ದು ನಮ್ಮ ವಾಯುಪಡೆ. ಹಾಗಾಗಿ ಇಂದು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ದೊಡ್ಡ ಪಾಲು ನಮ್ಮಲ್ಲಿಂದ ಹೋದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನಲ್ಲಿರುವುದು, ಕೆನಡಾದ ಒಟ್ಟಾವಾದಲ್ಲಿರುವುದು, ಅಮೆರಿಕದ ಟೂಸಾನ್‌ನಲ್ಲಿರುವುದು. ಒಂದು ನಮ್ಮಲ್ಲೇ, ದೆಹಲಿಯ ಪಾಲಂನಲ್ಲಿ ಇದೆ. ಇನ್ನೊಂದು ನಿವೃತ್ತಿಯಾಗಿ ಹದಿಮೂರು ವರ್ಷ ಬಯಲಲ್ಲಿ ಬಿದ್ದಿತ್ತು. 1981ರಲ್ಲಿ ಒಬ್ಬ ಬ್ರಿಟಿಷ್ ಸಂಗ್ರಹಕಾರರು ಬಿಚ್ಚಿಕೊಂಡು ಹೋದರು, ಅವರಿಂದ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್‌ಗೆ ಹೋಗಿ 1989ರಲ್ಲಿ ಮತ್ತೆ ಹಾರಿತು. ಅದಾದ ಮೇಲೆ ಎಷ್ಟೋ ವರ್ಷ ಊರೂರು ಸುತ್ತಿತು. ಹಳೆಯ ಯೋಧರು ಗಾಲಿಕುರ್ಚಿಯಲ್ಲಿ ಬಂದು ಅದನ್ನು ಮುಟ್ಟಿ ಕಣ್ಣೀರು ಹಾಕುತ್ತಿದ್ದರು.

2016ರಲ್ಲಿ ಮಗಳ ಬಾಣಂತನಕ್ಕೆ ಫೀನಿಕ್ಸ್‌ಗೆ ಹೋಗಿದ್ದೆ. ಟೂಸಾನ್ ಅಲ್ಲಿಂದ ಕಾರಿನಲ್ಲಿ ಎರಡು ಗಂಟೆ ದೂರ. ಮೂರು ತಿಂಗಳು ಕಾಡಿ ಅಳಿಯನ ಜೊತೆ ಹೊರಟೆ. ಪೀಮಾ ವಿಮಾನ ಮ್ಯೂಸಿಯಂ ಅದು. ಅಲ್ಲಿರುವ ಲಿಬರೇಟರ್ 1969ರಲ್ಲಿ ಪುಣೆಯಿಂದ ಅಲ್ಲಿಯವರೆಗೆ ತಾನೇ ಹಾರಿಕೊಂಡು ಹೋದದ್ದು. ಎಂಬತ್ತರ ಹತ್ತಿರದ ಒಬ್ಬ ಹಿರಿಯರು ಜನಕ್ಕೆ ವಿವರಿಸುತ್ತಿದ್ದರು. ಅವರ ಚಿಕ್ಕಪ್ಪ ಲಿಬರೇಟರಿನಲ್ಲಿ ಗನ್ನರ್ ಆಗಿದ್ದು, ರುಮೇನಿಯಾದ ಪ್ಲೊಯೆಷ್ಟಿ ಎಣ್ಣೆ ಕಾರ್ಖಾನೆಗಳ ದಾಳಿಯಲ್ಲಿ ತೀರಿಕೊಂಡರಂತೆ. 1943ರ ಆಗಸ್ಟ್ 1ರ ಆ ಒಂದೇ ದಾಳಿಗೆ ಹೊರಟ 177 ವಿಮಾನಗಳಲ್ಲಿ ಐವತ್ತಕ್ಕೂ ಹೆಚ್ಚು ನಾಶವಾದವು, 300ಕ್ಕೂ ಹೆಚ್ಚು ಹುಡುಗರು ಸತ್ತರು.

ನನ್ನ ಕೈಚೀಲದಲ್ಲಿ ತಾತನ ಎಲೆಅಡಿಕೆ ಡಬ್ಬಿ ಸದಾ ಇರುತ್ತದೆ. ಈಗ ಅದರಲ್ಲಿ ಏಲಕ್ಕಿ, ಲವಂಗ. ಫೋರ್ಮನ್ನರನ್ನು ಕೇಳಿ ತಂದ ಗುಜರಿ ಅಲ್ಯೂಮಿನಿಯಂ ಚೂರಿನಿಂದ ಅವರೇ ಮಾಡಿಕೊಂಡದ್ದು. ಅಂಗೈಯಗಲ ಇದೆ. ಮುಚ್ಚಳದ ಅಂಚಿಗೆ ಹನ್ನೆರಡು ರಿವೆಟ್. ಅವುಗಳ ತಲೆ ತಗಡಿಗೆ ಎಷ್ಟು ಸಮವಾಗಿ ಕೂತಿದೆ ಅಂದರೆ ಉಗುರು ಎಳೆದರೂ ತಡೆಯುವುದಿಲ್ಲ. ‘ರೆಕ್ಕೆ ಮೇಲಿನ ರಿವೆಟ್ಟು ಹಿಂಗಿರಬೇಕು. ಗಾಳಿ ಎಡವಬಾರದು’ ಅನ್ನುತ್ತಿದ್ದರು ತಾತ. ಆ ಹಿರಿಯರ ಕೈಗೆ ಡಬ್ಬಿ ಕೊಟ್ಟು, ಬೆಂಗಳೂರು, ಎಚ್‌ಎಎಲ್, 1948 ಅಂತ ಹೇಳಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ, ಹೆಬ್ಬೆರಳಿನಿಂದ ಹನ್ನೆರಡನ್ನೂ ಒಂದೊಂದಾಗಿ ಸವರಿ ನೋಡಿದರು. ಆಮೇಲೆ ತಲೆಯೆತ್ತಿ ರೆಕ್ಕೆ ನೋಡಿದರು. ನನ್ನ ತಾತನ ಹೆಸರೇನು ಅಂತ ಕೇಳಿ ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಅದೇ ವಿಮಾನದ ಮೇಲೆ ತಾತ ಕೆಲಸ ಮಾಡಿದ್ದರು ಅಂತ ನಾನು ಹೇಳಲಾರೆ. ಆದರೆ ಹೆಸರು ಕೇಳಿದರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಇಲ್ಲಿ ಅರವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಬಾಂಬು ಹಾಕುವ ಯಂತ್ರವನ್ನು ಹೀಗೆ ಪೂಜೆ ಮಾಡುವುದು ಸರಿಯೇ ಅಂತ ನನ್ನ ಗೆಳತಿಯೊಬ್ಬಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಇದೇ ಜಾತಿಯ ವಿಮಾನಗಳು ಬರ್ಮಾದ ರೈಲುದಾರಿಯ ಮೇಲೂ ಬಾಂಬು ಸುರಿಸಿದವು, ಆ ದಾರಿ ಹಾಕಿದವರಲ್ಲಿ ಸೆರೆಯಾಳುಗಳಿದ್ದರು, ನಮ್ಮ ತಮಿಳು ಕೂಲಿಗಳಿದ್ದರು. ಅದನ್ನು ಮರೆತು ವಿಮಾನದ ಅಂದ ಹೊಗಳುವುದು ನನಗೂ ಒಗ್ಗದು. ಅದಕ್ಕೇ ಬರೀ ಯಂತ್ರ ನಿಲ್ಲಿಸಿದರೆ ಸಾಲದು ಅನ್ನುತ್ತೇನೆ. ಯಂತ್ರದ ಜೊತೆ ಮನುಷ್ಯರು ಬಂದರೆ ಆ ಸಾವು, ಆ ದುಡಿಮೆ ಎರಡೂ ಬರುತ್ತವೆ. ಮನುಷ್ಯರಿಲ್ಲದಿದ್ದರೆ ಅದು ಸೆಲ್ಫಿಗೆ ಹಿನ್ನೆಲೆ ಅಷ್ಟೇ. ಒಂದೂರಿನ ವೃತ್ತದಲ್ಲಿ ಕಂಬದ ಮೇಲೆ ಏರಿಸಿದ ಹಳೆಯ ಯುದ್ಧವಿಮಾನ ನೋಡಿದೆ. ಯಾವ ವಿಮಾನ, ಎಲ್ಲಿತ್ತು, ಯಾರು ಹಾರಿಸಿದರು, ಒಂದು ಅಕ್ಷರವಿಲ್ಲ. ಕಂಬದ ತುಂಬ ಕೋಚಿಂಗ್ ಸೆಂಟರಿನ ಪೋಸ್ಟರ್.

ಪೈಲಟ್‌ಗಳ ನೆನಪೇ ಎಷ್ಟು ತಡವಾಗಿ ಬರುತ್ತದೆ ನೋಡಿ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ಆಗ ಅತ್ಯಂತ ಹೊಸದಾಗಿದ್ದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಕೆಡವಿ, ತಾವೂ ತೀರಿಕೊಂಡರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ಮೂರು ವರ್ಷ. ಅದೂ ಏನಾಯಿತು ಅನ್ನುವುದು ಆಚೆ ಕಡೆಯ ದಾಖಲೆ ಆಧರಿಸಿದ ಒಂದು ಪುಸ್ತಕದಿಂದ ಹೊರಬಂದ ಮೇಲೆ. ಸ್ಕ್ವಾಡ್ರನ್ ಲೀಡರ್ ಪಾಡೇ ಇದಾದರೆ ಇಂಜಿನ್ ಕೆಳಗೆ ಮಲಗಿದ್ದ ಕಾರ್ಪೊರಲ್ ಪಾಡೇನು? ಬೆಂಗಳೂರಿನಲ್ಲೇ ಹುಟ್ಟಿದ, ಎರಡು ಇಂಜಿನ್ನಿನ ಮಾರುತ್ ಯುದ್ಧವಿಮಾನಗಳು 1971ರಲ್ಲಿ ಮರುಭೂಮಿಯ ಮೇಲೆ ಹಾರಿದವು. ಗುಂಡು ತಾಗಿ ಒಂದು ಇಂಜಿನ್ ಸತ್ತರೂ ಇನ್ನೊಂದರಲ್ಲೇ ಮರಳಿ ಬಂದದ್ದು ಕನಿಷ್ಠ ಮೂರು ಸಲ. ಇದು ಪುಸ್ತಕಗಳಲ್ಲಿದೆ. ಹಾಗೆ ಬಂದ ವಿಮಾನಕ್ಕೆ ಕೈಹಾಕಿ ಮತ್ತೆ ನಿಲ್ಲಿಸಿದವರು ಯಾರು?

ತಾತ 1999ರಲ್ಲಿ ಹೋದರು. ನಾನು ಅವರ ದನಿ ಒಂದು ಕ್ಯಾಸೆಟ್ಟಿನಲ್ಲೂ ಹಿಡಿದಿಡಲಿಲ್ಲ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಹಾಡು ಕೇಳಿದೆವು. ಲಿಬರೇಟರ್ ಕಟ್ಟಿದವರು ಈಗ ಬಹುಶಃ ಯಾರೂ ಉಳಿದಿಲ್ಲ. ಆದರೆ ಮಾರುತ್, ನ್ಯಾಟ್, ಕಿರಣ್ ವಿಮಾನಗಳನ್ನು ಕಟ್ಟಿದವರು, ನೋಡಿಕೊಂಡವರು ಇದ್ದಾರೆ. ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ನಿಮ್ಮ ರಸ್ತೆಯಲ್ಲೇ ಬೆಳಗ್ಗೆ ಹಾಲು ತರುತ್ತಿರುತ್ತಾರೆ. ಸರ್ಕಾರ ಮಾಡಲಿ ಅಂತ ಕೂತರೆ ಆಗುವುದಿಲ್ಲ. ಫೋನ್ ಇದೆಯಲ್ಲ, ಹೋಗಿ ಕೂರಿ. ‘ಯುದ್ಧದ ಬಗ್ಗೆ ಹೇಳಿ’ ಅಂತ ಕೇಳಬೇಡಿ, ಬಾಯಿ ಕಟ್ಟುತ್ತದೆ. ‘ನಿಮ್ಮ ಟೂಲ್‌ಬಾಕ್ಸಿನಲ್ಲಿ ಏನೇನಿತ್ತು’ ಅಂತ ಕೇಳಿ. ಅವರು ಹೇಳಿದ ಕನ್ನಡದಲ್ಲೇ ಇರಲಿ, ತಿದ್ದಬೇಡಿ.

ಹೋದ ಭಾನುವಾರ ನಮ್ಮ ಹಿಂದಿನ ಬೀದಿಯ ಒಬ್ಬರ ಮನೆಗೆ ಹೋಗಿದ್ದೆ. ಹಾಸನದ ಕಡೆಯವರು, 1971ರಲ್ಲಿ ಜೋಧ್‌ಪುರದಲ್ಲಿ ಮಾರುತ್‌ಗಳ ಮೇಲೆ ಕೆಲಸ ಮಾಡಿದವರು. ಹೆಂಡತಿಗೆ ಹೇಳಿ ಫ್ಯಾನ್ ಆರಿಸಿದರು, ಸದ್ದು ಬರಬಾರದು ಅಂತ. ‘ರೆಕಾರ್ಡ್ ಆಗ್ತಾ ಇದೆಯೇನಮ್ಮಾ? ಹಾಗಾದ್ರೆ ಮೊದ್ಲು ಹೆಸರು ಬರ್ಕೊಳ್ಳಿ. ಆವತ್ತು ರಾತ್ರಿ ನಾವು ಆರು ಜನ’ ಅಂದರು. ಐದು ಹೆಸರು ಹೇಳಿದರು. ಆರನೆಯದು ಬರಲಿಲ್ಲ. ಎರಡು ಗಂಟೆ ಮಾತಾಡಿದರು, ಮಧ್ಯೆ ಮಧ್ಯೆ ನಿಲ್ಲಿಸಿ ಹಣೆ ತಟ್ಟಿಕೊಂಡರು, ಬರಲಿಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದು ‘ತಪ್ಪು ತಿಳೀಬೇಡಿ’ ಅಂದರು.

ಸೋಮವಾರ ಬೆಳಗ್ಗೆ ಐದೂವರೆಗೆ ಫೋನ್ ಬಂತು. ಹಲೋ ಕೂಡ ಅನ್ನಲಿಲ್ಲ. ಆ ಹೆಸರು ಹೇಳಿದರು, ಊರು ಹೇಳಿದರು, ಬರ್ಕೊಂಡ್ರಾ ಅಂತ ಕೇಳಿದರು.