ಚಾರ್ಜರ್ ವೈರೂ ನನ್ನ ಮುತ್ತಾತಂದಿರೂ

ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಲೈಟ್ ಹಾಕಲಿಲ್ಲ. ನನ್ನದೇ ಮನೆ, ನನ್ನದೇ ಹಾಲ್, ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ ಎಂಬ ಧಿಮಾಕು. ನಾಲ್ಕು ಹೆಜ್ಜೆ ಇಟ್ಟಿರಬಹುದು. ನೆಲದ ಮೇಲೆ ಕಪ್ಪಗೆ, ತೆಳ್ಳಗೆ, ಸುರುಳಿ ಸುತ್ತಿಕೊಂಡು ಏನೋ ಮಲಗಿತ್ತು.

ಆಮೇಲೆ ನಡೆದದ್ದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಕಾಲು ತಾನಾಗಿ ಹಾರಿತು. ಗಂಟಲು ತಾನಾಗಿ ಕೂಗಿತು. ಮೊಣಕೈ ತಾನಾಗಿ ಹೋಗಿ ನೀರಿನ ಜಗ್ಗಿಗೆ ಬಡಿಯಿತು. ಹೆಂಡತಿ ಎದ್ದು ಬಂದು ಲೈಟ್ ಹಾಕಿದಳು. ಮೊಬೈಲ್ ಚಾರ್ಜರಿನ ವೈರು. ಅದನ್ನು ಅಲ್ಲಿ ಬಿಟ್ಟು ಹೋಗಿದ್ದವನೂ ನಾನೇ.

ಹಗ್ಗವನ್ನು ಕಂಡು ಹಾವೆಂದು ಬೆಚ್ಚಿದ್ದು ವೇದಾಂತಿಗಳ ಹಳೇ ಉದಾಹರಣೆ. ಅವರಿಗೆ ಅದರಿಂದ ಜ್ಞಾನ ಸಿಕ್ಕಿತು. ನನಗೆ ನೆಲ ಒರೆಸುವ ಬಟ್ಟೆ ಸಿಕ್ಕಿತು.

ಮರುದಿನ ಮಾನ ಉಳಿಸಿಕೊಳ್ಳಲು ಒಂದಷ್ಟು ಓದಿದೆ. ವಿಕಾಸವಾದಿ ಮನೋವಿಜ್ಞಾನ ಅಂತ ಒಂದು ವಿಷಯ ಇದೆ. ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಗುವುದಿಲ್ಲ. ಮನುಷ್ಯ ಭೂಮಿಯ ಮೇಲೆ ಬಂದು ಸುಮಾರು 3 ಲಕ್ಷ ವರ್ಷವಾಯಿತು. ಬೇಸಾಯ ಕಲಿತು ಒಂದು ಕಡೆ ನಿಂತದ್ದು ಕೊನೆಯ ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ. ಉಳಿದ ಕಾಲವೆಲ್ಲ ಬೇಟೆ, ಗೆಡ್ಡೆ, ಅಲೆದಾಟ. ತಲೆಯೊಳಗಿನ ಯಂತ್ರ ತಯಾರಾಗಿದ್ದು ಆ ಬದುಕಿಗೆ. ಅದನ್ನೇ ಹೊತ್ತುಕೊಂಡು ಈಗ ಲಿಫ್ಟಿನಲ್ಲಿ ಓಡಾಡುತ್ತಿದ್ದೇವೆ.

ರಾಂಡಾಲ್ಫ್ ನೆಸ್ಸಿ ಎಂಬ ಮನೋವೈದ್ಯರು ನಮ್ಮ ಭಯವನ್ನು ಹೊಗೆ ಅಲಾರಂಗೆ ಹೋಲಿಸಿದ್ದಾರೆ. ಅದು ಸುಮ್ಸುಮ್ನೆ ನೂರು ಸಲ ಕಿರುಚಿದರೆ ಕಿವಿಗೆ ಮಾತ್ರ ತೊಂದರೆ. ನಿಜವಾದ ಬೆಂಕಿಗೆ ಒಂದು ಸಲ ಸುಮ್ಮನಿದ್ದರೆ ಮನೆಯೇ ಇರುವುದಿಲ್ಲ. ಹಾವಿನ ಲೆಕ್ಕವೂ ಅದೇ. ಬಳ್ಳಿಯನ್ನು ಹಾವೆಂದುಕೊಂಡು ಹಾರಿದವನು ನಗೆಪಾಟಲಾದ, ಅಷ್ಟೆ. ಹಾವನ್ನು ಬಳ್ಳಿ ಎಂದುಕೊಂಡವನಿಗೆ ಮೊಮ್ಮಕ್ಕಳೇ ಹುಟ್ಟಲಿಲ್ಲ. ನಾನು ಇದ್ದೇನೆ ಅಂದರೆ ನನ್ನ ಮುತ್ತಾತಂದಿರೆಲ್ಲ ಹಾರಿದವರ ಪೈಕಿಯೇ, ಅಲ್ವಾ?

ಇಷ್ಟು ಸಾಲದೆಂದು ಡಾರ್ವಿನ್ ಕೂಡ ನನ್ನ ಪರ ಸಾಕ್ಷಿ ಹೇಳಿದ. ಲಂಡನ್ನಿನ ಮೃಗಾಲಯದಲ್ಲಿ ದಪ್ಪ ಗಾಜಿನ ಹಿಂದೆ ಪಫ್ ಆಡರ್ ಎಂಬ ವಿಷದ ಹಾವು ಇತ್ತಂತೆ. ಗಾಜಿಗೆ ಮುಖ ಒತ್ತಿ, ಅದು ಎರಗಿದರೂ ಹಿಂದೆ ಸರಿಯಬಾರದು ಎಂದು ಗಟ್ಟಿ ಮನಸ್ಸು ಮಾಡಿ ನಿಂತ. ಹಾವು ಎರಗಿತು. ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ನೆಗೆದಿದ್ದ. 1872ರ ತನ್ನ ಪುಸ್ತಕದಲ್ಲಿ ಇದನ್ನು ತಾನೇ ಬರೆದುಕೊಂಡಿದ್ದಾನೆ. ನನಗೆ ಆತನ ಮೇಲಿನ ಗೌರವ ದುಪ್ಪಟ್ಟಾಯಿತು. ಗಾಜಿದ್ದೂ ಆತ ಹಾರಿದ. ನಾನು ಗಾಜಿಲ್ಲದೆ ಹಾರಿದವನು.

ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಅದು ಯಾವತ್ತೂ ಒಳ್ಳೆಯ ಲಕ್ಷಣ ಅಲ್ಲ.

"ಹೋದ ವಾರ ಒದ್ದೆ ಕೈಯಲ್ಲಿ ಪ್ಲಗ್ ಕೀಳಲು ಹೋಗಿ ಶಾಕ್ ಹೊಡೆಸಿಕೊಂಡಿರಲ್ಲ, ಆಗ ಎಲ್ಲಿ ಹೋಗಿದ್ದರು ನಿಮ್ಮ ಮುತ್ತಾತಂದಿರು?"

ಅದಕ್ಕೂ ಉತ್ತರ ಇತ್ತು. ಕರೆಂಟು ಮನೆಗಳಿಗೆ ಬಂದು ಇನ್ನೂ 150 ವರ್ಷ ಆಗಿಲ್ಲ. ಪ್ಲಗ್ಗಿಗೆ ಹೆದರುವುದನ್ನು ರಕ್ತಕ್ಕೆ ಕಲಿಸಲು ಅಷ್ಟು ಸಮಯ ಸಾಲದು. ಮನೋವಿಜ್ಞಾನಿ ಸೂಸನ್ ಮಿನೆಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಕೋತಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳು, ಹಾವೆಂದರೆ ಏನೆಂದೂ ಗೊತ್ತಿಲ್ಲ. ಬೇರೊಂದು ಕೋತಿ ಹಾವಿಗೆ ಹೆದರುವ ವಿಡಿಯೋ ತೋರಿಸಿದರೆ ಇವೂ ಹೆದರಲು ಕಲಿತವು. ಅದೇ ವಿಡಿಯೋದಲ್ಲಿ ಹಾವಿನ ಜಾಗಕ್ಕೆ ಹೂವು ಸೇರಿಸಿ ತೋರಿಸಿದರೆ ಕಲಿಯಲೇ ಇಲ್ಲ. ಅಂದರೆ ಕೆಲವು ಭಯಗಳಿಗೆ ತಲೆಯಲ್ಲಿ ಮೊದಲೇ ಜಾಗ ಕಾದಿರಿಸಿದೆ.

"ಪ್ಲಗ್ಗು ನನ್ನ ಪಾಲಿಗೆ ಹೂವಿದ್ದ ಹಾಗೆ," ಎಂದೆ. ಹೇಳಿದ ಮೇಲೆ ಅದು ಕೇಳಲು ಚೆನ್ನಾಗಿಲ್ಲ ಅನ್ನಿಸಿತು.

ಮಗಳು ಸೇರಿಕೊಂಡಳು. ನನ್ನ ಮರೆವಿನ ಬಗ್ಗೆ ಅವಳ ಹಳೆಯ ದೂರು ಇದೆ. ಕನ್ನಡಕ, ಕೀಲಿಕೈ, ಅವಳ ಹುಟ್ಟಿದ ದಿನ ಎಲ್ಲ ಮರೆಯುತ್ತೇನೆ. ಆದರೆ ಮೂರು ವರ್ಷದ ಹಿಂದೆ ನನ್ನ ಛತ್ರಿ ಒಯ್ದವರು ಯಾರು, ಅವತ್ತು ಯಾವ ಬಣ್ಣದ ಅಂಗಿ ಹಾಕಿದ್ದರು ಎಂಬುದು ನೆನಪಿದೆ. ಇದಕ್ಕಂತೂ ಭರ್ಜರಿ ವಿವರಣೆ ಸಿಕ್ಕಿತ್ತು. ಇವತ್ತು ನಾನು ನಿನಗೆ, ನಾಳೆ ನೀನು ನನಗೆ ಎಂಬ ಕೊಡುಕೊಳ್ಳುವ ವ್ಯವಹಾರ ಹೇಗೆ ವಿಕಾಸವಾಗಿರಬಹುದು ಎಂದು ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಬರೆದರು. ಅದು ನಡೆಯಬೇಕಾದರೆ ತಗೊಂಡು ಕೊಡದವರನ್ನು ಗುರುತಿಟ್ಟುಕೊಳ್ಳಬೇಕು. ಅಕ್ಷರ, ಅಂಕಿ ಬರೆದ ನಾಲ್ಕು ಕಾರ್ಡುಗಳ ಒಂದು ತರ್ಕದ ಪರೀಕ್ಷೆ ಇದೆ, ಮನೋವಿಜ್ಞಾನಿ ಪೀಟರ್ ವೇಸನ್ ಮಾಡಿದ್ದು. ಕೊಟ್ಟ ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಕಾರ್ಡು ತಿರುಗಿಸಿ ನೋಡಬೇಕು ಎಂದು ಹೇಳಬೇಕು. ಹೆಚ್ಚಿನವರು ತಪ್ಪುತ್ತಾರೆ. ಅದೇ ತರ್ಕವನ್ನು 'ಕಾನೂನಿನ ವಯಸ್ಸಾಗದೆ ಬಿಯರ್ ಕುಡಿಯುವವರನ್ನು ಹಿಡಿಯಲು ಯಾರನ್ನು ತಪಾಸಣೆ ಮಾಡಬೇಕು' ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಹೇಳುತ್ತಾರೆ. ನಮ್ಮ ತಲೆಯಲ್ಲಿ ಮೋಸಗಾರರನ್ನು ಹಿಡಿಯಲೆಂದೇ ಒಂದು ವ್ಯವಸ್ಥೆ ಇದೆ ಎನ್ನುವುದು ವಿಕಾಸವಾದಿ ಮನೋವಿಜ್ಞಾನದ ಲೀಡಾ ಕಾಸ್ಮಿಡಿಸ್ ಮತ್ತು ಜಾನ್ ಟೂಬಿ ಅವರ ವಾದ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಅವರ ಛತ್ರಿ ಯಾರೂ ಒಯ್ದಿಲ್ಲ ಅಂತ ಕಾಣುತ್ತದೆ.

ಮಗಳು ಎದ್ದು ಹೋಗಿ ಕಪಾಟಿನಿಂದ ಎರಡು ಪುಸ್ತಕ ತಂದಳು. ಎರಡರ ಮೊದಲ ಪುಟದಲ್ಲೂ ಬೇರೆಯವರ ಹೆಸರು. ಒಂದರಲ್ಲಿ 'ದಯವಿಟ್ಟು ಮರಳಿಸಿ' ಅಂತಲೂ ಇತ್ತು.

ಈ ವ್ಯವಸ್ಥೆ ಹೊರಗಡೆ ಮಾತ್ರ ನೋಡುತ್ತದೆ ಎಂದು ಸಮಜಾಯಿಷಿ ಕೊಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸಿನಲ್ಲಿ, ರಜೆಯ ದಿನ ನಾನು ಸೋಫಾದ ಮೇಲೆ ಬಿದ್ದಿರುವುದು ಕೂಡ ಬೇಟೆಗೆ ಶಕ್ತಿ ಉಳಿಸುವ ಪ್ರಾಚೀನ ಗುಣ ಎಂದುಬಿಟ್ಟೆ.

"ಬೀಳದೆ ಎದ್ದು ಕಸ ಗುಡಿಸಿದ್ದರೆ?" ಹೆಂಡತಿ ಕೇಳಿದಳು.

"ಅದು ಗುಹೆ ಸ್ವಚ್ಛವಾಗಿಟ್ಟುಕೊಳ್ಳುವ ಪ್ರಾಚೀನ ಗುಣ..."

ಅವಳು ನಕ್ಕಳು. ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ ಎಂಬ ಜೀವವಿಜ್ಞಾನಿಗಳು 1979ರಲ್ಲಿ ಇಂಥ ಕಥೆ ಕಟ್ಟುವವರ ಮೇಲೆ ದೊಡ್ಡ ಪ್ರಬಂಧವನ್ನೇ ಬರೆದು ಝಾಡಿಸಿದ್ದರು. ದೇಹದ, ಮನಸ್ಸಿನ ಪ್ರತಿಯೊಂದು ಅಂಶಕ್ಕೂ ಒಂದು ಉಪಯೋಗ ಹುಡುಕಬೇಡಿ, ಕೆಲವು ಸುಮ್ನೆ ಜೊತೆಗೆ ಬಂದಿರುತ್ತವೆ ಎಂದು. ನನ್ನ ಹೆಂಡತಿಗೆ ಅಷ್ಟು ಉದ್ದ ಬೇಕಾಗಲಿಲ್ಲ. ಪೊರಕೆ ತಂದು ಕೈಗಿಟ್ಟಳು.

ಅವತ್ತು ರಾತ್ರಿ ಮತ್ತೆ ಬಾಯಾರಿಕೆ. ಎದ್ದೆ, ಲೈಟ್ ಹಾಕಲಿಲ್ಲ. ಅದೇ ಜಾಗದಲ್ಲಿ ಅದೇ ಸುರುಳಿ. ಎದೆ ಧಸಕ್ ಎಂದಿತು, ಕಾಲು ನೆಗೆಯಲು ತಯಾರಾಯಿತು. ಈ ಸಲ ಬಿಡಲಿಲ್ಲ. ಡಾರ್ವಿನ್ ಕೈಲಿ ಆಗದ್ದನ್ನು ಮಾಡಿ ತೋರಿಸುತ್ತೇನೆ ಎಂದು ನಿಧಾನವಾಗಿ, ಗಂಭೀರವಾಗಿ ಅದನ್ನು ದಾಟಿ ಹೋಗಿ ನೀರು ಕುಡಿದೆ. ಹಾಗೇ ದಾಟಿ ಬಂದು ಮಲಗಿದೆ.

ಬೆಳಿಗ್ಗೆ ಹೆಮ್ಮೆಯಿಂದ ಹೇಳಿಕೊಂಡೆ. ಹೆಂಡತಿ ಒಂದು ಕ್ಷಣ ನನ್ನನ್ನೇ ನೋಡಿದಳು.

"ವೈರಾ? ಅದನ್ನ ನಿನ್ನೆ ಸಂಜೆಯೇ ಸುತ್ತಿ ಡ್ರಾಯರಿನಲ್ಲಿ ಇಟ್ಟೆನಲ್ಲ."

ಹಾಲಿನ ನೆಲದ ಮೇಲೆ ಈಗ ಏನೂ ಇಲ್ಲ. ಸೋಫಾದ ಕೆಳಗೆ ನೋಡುವ ಧೈರ್ಯ ಯಾರಿಗೂ ಇಲ್ಲ. ಇದನ್ನು ಎರಡೂ ಕಾಲು ಕುರ್ಚಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.