ಕೊಲೆಯಾದಾಕೆ ಊಟಕ್ಕೆ ಬಂದರು

2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಕೊಲೆಯಾದ ಮಹಿಳೆಯೊಬ್ಬರು ಊಟಕ್ಕೆ ಕುಳಿತಿದ್ದರು. ತಾರೀಖು ನೋಡಿ ಇದು ಮೂರ್ಖರ ದಿನದ ತಮಾಷೆ ಎಂದುಕೊಳ್ಳಬೇಡಿ. ಆಕೆಯನ್ನು ಕೊಂದ ಆರೋಪದ ಮೇಲೆ ಗಂಡ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಹೊರಬಂದು, ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ವಾಯಿದೆಗೊಮ್ಮೆ ಕೈಕಟ್ಟಿ ನಿಲ್ಲುತ್ತಿದ್ದರು. ಆಕೆಯನ್ನು ಪತ್ತೆ ಮಾಡಿದವರು ಪೊಲೀಸರಲ್ಲ, ಗಂಡನ ಗೆಳೆಯರು. ಕುಶಾಲನಗರದಿಂದ ಮಡಿಕೇರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ತನಿಖೆಗೆ ಆ ದಾರಿ ನಾಲ್ಕು ವರ್ಷವಾದರೂ ಸವೆಯಲಿಲ್ಲ.

ನಡೆದದ್ದು ಇಷ್ಟು. ಕುಶಾಲನಗರ ತಾಲ್ಲೂಕಿನ ಈ ಆದಿವಾಸಿ ಕೂಲಿಕಾರನ ಹೆಂಡತಿ 2020ರ ಕೊನೆಯಲ್ಲಿ ಕಾಣೆಯಾದರು. ಗಂಡ ತಾನೇ ಠಾಣೆಗೆ ಹೋಗಿ ದೂರು ಕೊಟ್ಟರು. ಅವರ ಜೀವನದ ಮೊದಲ ತಪ್ಪು ಅದು. ಅತ್ತ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಒಂದು ಠಾಣೆಯಲ್ಲಿ ಹೆಸರಿದೆ, ಹೆಣವಿಲ್ಲ. ಇನ್ನೊಂದರಲ್ಲಿ ಹೆಣವಿದೆ, ಹೆಸರಿಲ್ಲ. ಇಂಥ ಅನುರೂಪ ಜೋಡಿ ಸಿಕ್ಕರೆ ಮದುವೆ ದಲ್ಲಾಳಿಯೂ ಬಿಡುವುದಿಲ್ಲ, ಪೊಲೀಸರು ಬಿಟ್ಟಾರೆಯೇ? ಜಾತಕ ಕೂಡಿಬರುವ ಮೊದಲೇ ಲಗ್ನಪತ್ರಿಕೆ ಅಚ್ಚಾಯಿತು. ಅರ್ಥಾತ್, ಡಿಎನ್‌ಎ ವರದಿ ಬರುವ ಮೊದಲೇ ದೋಷಾರೋಪ ಪಟ್ಟಿ ನ್ಯಾಯಾಲಯ ತಲುಪಿತು. ಆಮೇಲೆ ವರದಿ ಬಂದು, ಈ ಎಲುಬು ಆಕೆಯದಲ್ಲ ಎಂದಿತು. ಅಷ್ಟರಲ್ಲಿ ಲಗ್ನಪತ್ರಿಕೆ ಹಂಚಿಯಾಗಿತ್ತು. ಹಂಚಿದ್ದನ್ನು ವಾಪಸು ಕೇಳುವುದು ಮರ್ಯಾದಸ್ಥರ ಲಕ್ಷಣವೇ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನನ್ನು ನಾವು ತಲೆತಲಾಂತರದಿಂದ ನಗುತ್ತ ಬಂದಿದ್ದೇವೆ. ಪಾಪ, ಅವನಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಇಲ್ಲಿ ಎತ್ತು ಈದಿಲ್ಲವೆಂದು ಪಶುವೈದ್ಯರು ಸಹಿ ಹಾಕಿ ಬರೆದುಕೊಟ್ಟ ಮೇಲೂ ಕರುವಿಗೆ ಹಗ್ಗ ಹೊಸೆಯುವ ಕೆಲಸ ನಿಲ್ಲಲಿಲ್ಲ.

ನಮ್ಮ ಠಾಣೆಗಳಲ್ಲಿ ಸ್ವಇಚ್ಛಾ ಹೇಳಿಕೆ ಎಂಬ ಸಾಹಿತ್ಯ ಪ್ರಕಾರವೊಂದಿದೆ. ಅಕಾಡೆಮಿಯವರು ಇದುವರೆಗೆ ಅದಕ್ಕೆ ಪ್ರಶಸ್ತಿ ಕೊಡದಿರುವುದು ಅನ್ಯಾಯ. ಹೆಬ್ಬೆಟ್ಟು ಒತ್ತುವ ಮನುಷ್ಯನೂ ಅಲ್ಲಿ ‘ಸದರಿ ಸ್ಥಳವನ್ನು ಪಂಚರ ಸಮಕ್ಷಮ ತೋರಿಸಿಕೊಡುತ್ತೇನೆ’ ಎಂದು ವ್ಯಾಕರಣ ತಪ್ಪದೆ ನುಡಿಯುತ್ತಾನೆ. ಕಳ್ಳ, ಕೊಲೆಗಾರ, ನಿರಪರಾಧಿ ಎಲ್ಲರದೂ ಒಂದೇ ಶೈಲಿ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು ಕಾನೂನು ಬ್ರಿಟಿಷರ ಕಾಲದಿಂದಲೂ ಹೇಳುತ್ತಿದೆ. ಅಂದರೆ ತನ್ನ ಪೊಲೀಸರ ಮೇಲೆ ಕಾನೂನಿಗೇ ನಂಬಿಕೆಯಿಲ್ಲ. ನಂಬಬೇಕಾದವರು ಕೂಲಿಕಾರರು ಮಾತ್ರ.

ಇದೇ ಊರಿನ ದೊಡ್ಡ ಕಾಫಿ ತೋಟದ ಯಜಮಾನರ ಮನೆಯಾಕೆ ಕಾಣೆಯಾಗಿದ್ದರೆ ಯಾವ ಎಲುಬಿಗೆ ಆ ಹೆಸರಿಡುವ ಧೈರ್ಯವಿತ್ತು? ತನಿಖಾಧಿಕಾರಿ ಜಗಲಿಯಲ್ಲಿ ಕಾಫಿ ಕುಡಿದು, ‘ಅಮ್ಮಾವರು ತವರಿಗೆ ಹೋಗಿರಬೇಕು ಸರ್, ಬರುತ್ತಾರೆ’ ಎಂದು ಸಮಾಧಾನ ಹೇಳಿ ಎದ್ದು ಬರುತ್ತಿದ್ದರು. ಜಾತಿ ನೋಡಿ ಪೊರಕೆ ಹಂಚುತ್ತಿದ್ದ ಜೈಲು ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೇ 2024ರ ಅಕ್ಟೋಬರಿನಲ್ಲಿ. ಹೀಗಿರುವಾಗ ಠಾಣೆಯ ಮೆಟ್ಟಿಲಲ್ಲಿ ಮಾತ್ರ ಸಮಾನತೆ ಕುಳಿತಿರುತ್ತದೆಯೇ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದು ತೀರ್ಮಾನವಾಗಿರಲಿಲ್ಲ. ಶಿಕ್ಷೆ ಮಾತ್ರ ಮುಂಗಡ.

ಇನ್ನು ಪರಿಹಾರದ ಲೆಕ್ಕ. ನ್ಯಾಯಾಲಯ ಗಂಡನನ್ನು ದೋಷಮುಕ್ತಗೊಳಿಸಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ತನಿಖಾಧಿಕಾರಿಯ ಮೇಲೆ ಕ್ರಮಕ್ಕೂ ಆದೇಶಿಸಿತು. ಒಂದೂವರೆ ವರ್ಷದ ಜೈಲಿಗೆ ಭಾಗಿಸಿ ನೋಡಿದೆ. ದಿನಕ್ಕೆ ಸುಮಾರು 180 ರೂಪಾಯಿ ಬಿತ್ತು. 2025ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ಇತ್ತು. ಕೆರೆಯ ಹೂಳೆತ್ತಿದರೆ ಸಿಗುವುದರ ಅರ್ಧ ದರದಲ್ಲಿ ಸರ್ಕಾರ ಕೊಲೆಗಾರನ ಪಾತ್ರಕ್ಕೆ ಜನ ಹಿಡಿಯುತ್ತದೆ. ಊಟ, ವಸತಿ ಬೇರೆ ಉಚಿತವಲ್ಲವೇ ಎಂದು ಹಣಕಾಸು ಇಲಾಖೆಯವರು ವಾದಿಸಬಹುದು.

ಅತೃಪ್ತರು ಬಿಹಾರದ ಕಡೆ ನೋಡಲಿ. ಅಲ್ಲಿ ಒಬ್ಬರು 1968ರಲ್ಲಿ ಖುಲಾಸೆಯಾದರು, ಜೈಲಿನಿಂದ ಹೊರಬಂದದ್ದು 1982ರಲ್ಲಿ. 14 ವರ್ಷಕ್ಕೆ ಸಿಕ್ಕಿದ್ದು 35 ಸಾವಿರ, ಅದೂ ಸುಪ್ರೀಂ ಕೋರ್ಟ್ ಗದರಿದ ಮೇಲೆ. ತಪ್ಪು ಮೊಕದ್ದಮೆಗೆ ಸಿಕ್ಕಿ ನರಳಿದವರಿಗೆ ಪರಿಹಾರ ಕೊಡಿಸಲು ವಿಶೇಷ ನ್ಯಾಯಾಲಯಗಳಿರಲಿ ಎಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಆ ವರದಿಯೂ ವಿಚಾರಣಾಧೀನವೇ. ಅದಕ್ಕೆ ಜಾಮೀನು ಕೊಡುವವರೂ ಇಲ್ಲ.

ಗಂಡ ಬಿಡುಗಡೆಯಾದರು, ಹೆಂಡತಿ ಬದುಕಿದರು. ಈ ಗಲಾಟೆಯಲ್ಲಿ ಆ ಎಲುಬನ್ನು ಎಲ್ಲರೂ ಮರೆತರು. ನಾಲ್ಕು ವರ್ಷ ಅದು ಬೇರೆಯವರ ಹೆಸರಿನಲ್ಲಿ ನ್ಯಾಯಾಲಯದ ದಾಖಲೆಗಳಲ್ಲಿ ಕಾಲ ಕಳೆಯಿತು. ಈಗ ಮತ್ತೆ ಅನಾಮಧೇಯ. ಸತ್ತವರ ಮನೆಯವರು ಎಲ್ಲೋ ದಾರಿ ಕಾಯುತ್ತಿರಬಹುದು. ಹೋಗಿ ಒಂದು ದೂರು ಬರೆಸೋಣ ಎಂದು ಚಪ್ಪಲಿ ಮೆಟ್ಟಿರಲೂಬಹುದು. ಅವರಲ್ಲಿ ನನ್ನ ವಿನಂತಿ ಒಂದೇ: ಹೊರಡುವ ಮೊದಲು ವಕೀಲರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.